ಬಳ್ಳಾರಿ ಬಿಸಿಲಲ್ಲಿ ಹವಳದ ಟ್ಯಾಂಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು, ರಾಯಚೂರು ಕಡೆಯವರು ಮನೆಯಲ್ಲಿ ಉಪ್ಪುನೀರಿನ ಹವಳದ ಟ್ಯಾಂಕ್ ಇಡಬೇಕು ಅಂತ ಹೊರಟಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಎದುರಿಗೆ ಸಿಕ್ಕಾಗ, ಫೋನಲ್ಲಿ, ಪತ್ರದಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಲ್ಲಿ ಜೋಡಿಸಿದ್ದೇನೆ. ಈ ವಿಷಯದಲ್ಲಿ ಸಿಗುವ ಸಲಹೆಗಳು ಹೆಚ್ಚಾಗಿ ತಂಪು ದೇಶದವರಿಗೋ ಕರಾವಳಿಯವರಿಗೋ ಹೇಳಿದವು. ನಮ್ಮ ಬಿಸಿಲು ಬೇರೆ, ಬೋರ್ ನೀರು ಬೇರೆ, ಕರೆಂಟಿನ ಕಥೆಯೂ ಬೇರೆ. ಈ ಮೂರಕ್ಕೂ ಮೊದಲು ದಾರಿ ಮಾಡಿಕೊಳ್ಳಿ, ಮೀನು ಆಮೇಲೆ ತನ್ನಿ ಅನ್ನೋದು ನನ್ನ ಮಾತು.

## ಶುರು ಮಾಡುವ ಮುಂಚೆ

ಸಮುದ್ರ ಇಲ್ಲಿಂದ ಮುನ್ನೂರು ಕಿಲೋಮೀಟರ್ ಮೇಲಿದೆ. ನಮ್ಮೂರಲ್ಲಿ ಹವಳ ಬದುಕುತ್ತಾ?

ಬದುಕುತ್ತದೆ. ಹವಳ ಒಂದು ಪ್ರಾಣಿ. ಅದಕ್ಕೆ ಬೇಕಿರೋದು ಸರಿಯಾದ ಉಪ್ಪಿನಂಶ, 25-26 ಡಿಗ್ರಿ ಶಾಖ, ಬೆಳಕು ಮತ್ತು ಹರಿಯುವ ನೀರು. ಇದ್ಯಾವುದಕ್ಕೂ ಸಮುದ್ರ ಪಕ್ಕದಲ್ಲಿರಬೇಕಿಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತದೆ. ಬೆಳಕಿನಿಂದ ಆ ಪಾಚಿ ತಯಾರಿಸುವ ಆಹಾರವೇ ಹವಳದ ಮುಖ್ಯ ಊಟ. ಲೈಟ್ ಹಾಕಿ ಅರ್ಧ ಗಂಟೆ ಹತ್ತಿರ ಕೂತು ನೋಡಿ. ಬಟಾಣಿ ಗಾತ್ರದ ಮುಚ್ಚಿದ ಮೊಗ್ಗು ನಿಧಾನಕ್ಕೆ ಬಾಯಿ ಬಿಡುತ್ತದೆ. ಅಂಚಿನ ಸಣ್ಣ ಎಳೆಗಳು ಒಂದೊಂದಾಗಿ ಹೊರಗೆ ಬರುತ್ತವೆ, ನಡುವೆ ಹಸಿರು ಬಟ್ಟಲು ತೆರೆದುಕೊಳ್ಳುತ್ತದೆ. ದಿನಾ ಹೀಗೆ ತೆರೆದುಕೊಳ್ಳುತ್ತಿದ್ದರೆ ಟ್ಯಾಂಕ್ ಆರೋಗ್ಯವಾಗಿದೆ ಅಂತ ಅರ್ಥ.

ಟೇಬಲ್ ಮೇಲೆ ಇಡೋ 20 ಲೀಟರ್ ಟ್ಯಾಂಕ್ ಸಾಕಾ?

ಹೊಸಬರಿಗೆ ಬೇಡ. ಚಿಕ್ಕ ಟ್ಯಾಂಕ್ ಸುಲಭ ಅನ್ನಿಸುತ್ತದೆ, ಆದರೆ ಇಲ್ಲಿ ಲೆಕ್ಕ ಉಲ್ಟಾ. ನೀರು ಕಮ್ಮಿ ಇದ್ದಷ್ಟೂ ಬೇಗ ಬಿಸಿಯಾಗುತ್ತದೆ, ಬೇಗ ಉಪ್ಪಾಗುತ್ತದೆ, ಬೇಗ ಕೆಡುತ್ತದೆ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಮಾಡಿಸಿ. ಅಂಚಿನವರೆಗೆ ತುಂಬಿದರೆ 127 ಲೀಟರ್ ಆಗುತ್ತದೆ, ಕಲ್ಲು ಹೋಗಿ 100 ಲೀಟರ್ ನೀರು ನಿಲ್ಲುತ್ತದೆ. ಕಲ್ಲು, ಗಾಜು, ನೀರು ಎಲ್ಲ ಸೇರಿ 150 ಕಿಲೋ ಹತ್ತಿರ ಬರುತ್ತದೆ. ಟಿವಿ ಟೇಬಲ್ ಮೇಲೆ ಇಡಬೇಡಿ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಒಳ್ಳೆ ಪೇಂಟ್ ಹೊಡೆಸಿ. ಉಪ್ಪುನೀರಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಪಡುವಣ ಗೋಡೆ ಮತ್ತು ತಾರಸಿ ಕೆಳಗಿನ ಕೋಣೆ ಬಿಟ್ಟು, ಮನೆಯಲ್ಲಿ ಮಧ್ಯಾಹ್ನ ಎಲ್ಲಿ ನೆಲ ತಣ್ಣಗಿರುತ್ತದೋ ಅಲ್ಲಿ ಇಡಿ.

ಯಾವ ತಿಂಗಳಲ್ಲಿ ಶುರು ಮಾಡಿದ್ರೆ ಒಳ್ಳೇದು?

ಜುಲೈ-ಆಗಸ್ಟ್. ಮಳೆಗಾಲದಲ್ಲಿ ನೀರು ತುಂಬಿ ಕಲ್ಲು ಇಡಿ. ಸೆಪ್ಟೆಂಬರ್ ಹೊತ್ತಿಗೆ ಟ್ಯಾಂಕ್ ತಯಾರಾಗುತ್ತದೆ. ದಸರಾ ಆಸುಪಾಸು ಮೊದಲ ಮೀನು, ದೀಪಾವಳಿ ಕಳೆದ ಮೇಲೆ ಮೊದಲ ಹವಳ ತನ್ನಿ. ಮೀನು ಪಾರ್ಸೆಲ್ ಬರೋಕೂ ಅದು ತಂಪು ಕಾಲ. ಬೇಸಿಗೆ ಬರುವಷ್ಟರಲ್ಲಿ ಟ್ಯಾಂಕಿಗೆ ಏಳೆಂಟು ತಿಂಗಳಾಗಿರುತ್ತದೆ, ಬ್ಯಾಕ್ಟೀರಿಯಾ ಬೇರೂರಿರುತ್ತದೆ, ನಿಮಗೂ ಕೈ ಕುದುರಿರುತ್ತದೆ. ಯುಗಾದಿಗೆ ಶುರು ಮಾಡುವವರು ಎರಡೇ ತಿಂಗಳಲ್ಲಿ ಕೈಚೆಲ್ಲಿ ಕೂರುವುದನ್ನು ನೋಡಿದರೆ ಬೇಜಾರಾಗುತ್ತದೆ. ತಪ್ಪು ಅವರದಲ್ಲ, ತಿಂಗಳದ್ದು.

ಹತ್ತು ವರ್ಷದಿಂದ ಗೋಲ್ಡ್ ಫಿಶ್ ಸಾಕ್ತಿದೀನಿ. ಅದೇ ಟ್ಯಾಂಕ್ ಬಳಸಬಹುದೇನ್ರೀ?

ಗೋಲ್ಡ್ ಫಿಶ್‌ಗೆ ಯಾವತ್ತಾದರೂ ತಾಮ್ರ ಇರುವ ಔಷಧಿ ಹಾಕಿದ್ದರೆ ಬೇಡ. ತಾಮ್ರ ಟ್ಯಾಂಕಿನ ಸಿಲಿಕಾನ್ ಅಂಟು ಮತ್ತು ಹಳೇ ಜಲ್ಲಿಯಲ್ಲಿ ಉಳಿದುಕೊಂಡು ಆಮೇಲೆ ಸಿಗಡಿ, ಬಸವನಹುಳು, ಹವಳಗಳನ್ನು ಕೊಲ್ಲಬಹುದು. ಔಷಧಿ ಹಾಕಿಲ್ಲ ಅಂತ ಖಚಿತ ಇದ್ದರೆ ಗಾಜಿನ ಟ್ಯಾಂಕ್ ಬಳಸಿ. ಜಲ್ಲಿ, ಬಣ್ಣದ ಕಲ್ಲು, ಹಳೇ ಫಿಲ್ಟರ್ ಸ್ಪಂಜು ಬಿಟ್ಟುಬಿಡಿ. ನಿಮ್ಮ ಹತ್ತು ವರ್ಷದ ಕಣ್ಣು ಮಾತ್ರ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಮೀನು ಮಂಕಾದರೆ ನಿಮಗೆ ಬೇಗ ಗೊತ್ತಾಗುತ್ತದಲ್ವಾ.

ದುಡ್ಡು ಸ್ವಲ್ಪ. ಯಾವುದಕ್ಕೆ ಹಾಕಲಿ, ಯಾವುದು ಬಿಡಲಿ?

ಮೊದಲು ಆರ್‌ಒ-ಡಿಐ ಫಿಲ್ಟರ್, ಅಂದರೆ ನೀರಿನಲ್ಲಿ ಕರಗಿದ ಖನಿಜವನ್ನೆಲ್ಲ ತೆಗೆಯುವಂಥದ್ದು. ಎರಡನೇದು ರಿಫ್ರಾಕ್ಟೋಮೀಟರ್, ಅಂದರೆ ಉಪ್ಪಿನಂಶ ನೋಡುವ ದುರ್ಬೀನು. ಮೂರನೇದು ನೀರು ಓಡಿಸುವ ವೇವ್‌ಮೇಕರ್. 100 ಲೀಟರಿಗೆ ಗಂಟೆಗೆ 1500-2000 ಲೀಟರ್ ತಳ್ಳುವಂಥದ್ದು ಸಾಕು. ಆಮೇಲೆ ಹವಳಕ್ಕೆ ಅಂತಲೇ ಮಾಡಿದ ನೀಲಿ-ಬಿಳಿ ಎಲ್‌ಇಡಿ ಲೈಟ್, ಥರ್ಮಾಮೀಟರ್, ಸಣ್ಣ ಹೀಟರ್, ಟೆಸ್ಟ್ ಕಿಟ್. ನೊರೆ ಎಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಈ ಗಾತ್ರಕ್ಕೆ ಕಡ್ಡಾಯ ಅಲ್ಲ. ವಾರಕ್ಕೊಮ್ಮೆ ನೀರು ಬದಲಾಯಿಸಿದರೆ ಅದಿಲ್ಲದೆಯೂ ನಡೆಯುತ್ತದೆ. ಟ್ಯಾಂಕಿನ ಒಳಗೆ ಇಡುವ ಪ್ಲಾಸ್ಟಿಕ್ ಅರಮನೆ, ಗುಳ್ಳೆ ಬಿಡುವ ಗೊಂಬೆ ಏನೂ ಬೇಡ.

## ನೀರು, ಉಪ್ಪು, ಕಲ್ಲು

ಐದು ರೂಪಾಯಿಗೆ ಸಿಗೋ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಹಾಕಬಹುದಾ?

ಅದು ಕುಡಿಯೋಕೆ ಶುದ್ಧ, ಹವಳಕ್ಕೆ ಅಲ್ಲ. ಕುಡಿಯುವ ನೀರಿನಲ್ಲಿ ರುಚಿಗೆ ಒಂದಿಷ್ಟು ಖನಿಜ ಬಿಟ್ಟಿರುತ್ತಾರೆ. ಹವಳದ ಟ್ಯಾಂಕಿಗೆ ಹಾಕುವ ನೀರಿನಲ್ಲಿ ಟಿಡಿಎಸ್ ಮೀಟರ್, ಅಂದರೆ ಕರಗಿದ ಖನಿಜ ಅಳೆಯುವ ಮೀಟರ್, ಸೊನ್ನೆ ತೋರಿಸಬೇಕು. ನಮ್ಮ ಭಾಗದ ಬೋರ್ ನೀರು ಗಡಸು. ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಹೊಲಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್ ಕೂಡ ಅಂತರ್ಜಲಕ್ಕೆ ಇಳಿದಿರುತ್ತದೆ. ದಿನಾ ಆವಿಯಾದಷ್ಟು ಈ ನೀರು ಹಾಕುತ್ತಾ ಹೋದರೆ ನೀರು ಹೋಗುತ್ತದೆ, ಒಳಗಿದ್ದದ್ದೆಲ್ಲ ಟ್ಯಾಂಕಿನಲ್ಲೇ ಕೂರುತ್ತದೆ. ಆರು ತಿಂಗಳಲ್ಲಿ ಪಾಚಿ ಗಾಜಿಗೆ ಅಂಟಿಕೊಳ್ಳುತ್ತದೆ.

ಮನೆಯ ಆರ್‌ಒ ಮಷೀನಿನ ಮೆಂಬ್ರೇನ್ ನಂತರ, ಉಳಿದ ಖನಿಜವನ್ನೂ ಹಿಡಿದಿಡುವ ಒಂದು ಡಿಐ ರೆಸಿನ್ ಡಬ್ಬಿ ಸೇರಿಸಿದರೆ ಕೆಲಸ ಆಗುತ್ತದೆ. ಆದರೆ ಖನಿಜ ಮತ್ತೆ ಸೇರಿಸುವ ಟಿಡಿಎಸ್ ಕಂಟ್ರೋಲರ್‌ಗೆ ಮುಂಚೆಯೇ ಪೈಪ್ ಕವಲು ತೆಗೆಯಬೇಕು. ಬೋರ್ ನೀರು ಜಾಸ್ತಿ ಗಡಸಾದರೆ ರೆಸಿನ್ ಬೇಗ ಖಾಲಿಯಾಗುತ್ತದೆ. ತುಂಗಭದ್ರಾ ನೀರು ನಲ್ಲಿಗೆ ಬರುವ ದಿನ ಹಿಡಿದಿಟ್ಟುಕೊಂಡು ಅದನ್ನು ಫಿಲ್ಟರ್ ಮಾಡಿದರೆ ರೆಸಿನ್ ಹೆಚ್ಚು ದಿನ ಬರುತ್ತದೆ. ನಲ್ಲಿ ನೀರಿನ ಕ್ಲೋರಿನ್ ತೆಗೆಯೋಕೆ ಕಾರ್ಬನ್ ಫಿಲ್ಟರ್ ಮುಂದಿರಲಿ. ಆರ್‌ಒ ಹೊರಗೆ ಬಿಡುವ ನೀರನ್ನು ಚರಂಡಿಗೆ ಬಿಡಬೇಡಿ. ನೀರಿನ ಬೆಲೆ ಗೊತ್ತಿರುವ ಊರು ನಮ್ಮದು. ನೆಲ ಒರೆಸೋಕೆ, ಬಚ್ಚಲಿಗೆ ಅದು ಆಗುತ್ತದೆ.

ಹರಳುಪ್ಪು ಸಮುದ್ರದಿಂದಲೇ ಬರೋದು ಅಲ್ವಾ? ಅದನ್ನೇ ಕರಗಿಸಿದ್ರೆ ಆಗಲ್ವಾ?

ಆಗಲ್ಲ. ಉಪ್ಪಿನ ಗದ್ದೆಯಲ್ಲಿ ಸಮುದ್ರದ ನೀರು ಒಣಗುವಾಗ ಮೊದಲು ಕ್ಯಾಲ್ಸಿಯಂ ಜಿಪ್ಸಂ ಆಗಿ ತಳ ಸೇರುತ್ತದೆ. ಆಮೇಲೆ ಅಡುಗೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಷಿಯಂ ಉಳಿಕೆಯ ಕಹಿ ನೀರಿನಲ್ಲಿ ಹೊರಗೆ ಹೋಗುತ್ತದೆ. ಹಾಗಾಗಿ ಅಂಗಡಿಯ ಹರಳುಪ್ಪಿನಲ್ಲಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಸಾಲದು. ಹವಳಕ್ಕೆ ಅಂತ ತಯಾರಿಸಿದ ರೀಫ್ ಸಾಲ್ಟ್ ತರಿಸಿಕೊಳ್ಳಿ. ಲೀಟರಿಗೆ 36 ಗ್ರಾಂ ಆಸುಪಾಸು ಬೇಕಾಗುತ್ತದೆ. ವಾರಕ್ಕೆ 10 ಲೀಟರ್ ಬದಲಾಯಿಸಿದರೆ ತಿಂಗಳಿಗೆ ಒಂದೂವರೆ ಕಿಲೋ.

ಕಾರವಾರ, ಗೋವಾಕ್ಕೆ ಹೋಗಿ ಬರೋರ ಕೈಲಿ ಸಮುದ್ರದ ನೀರೇ ತರಿಸಿದ್ರೆ?

ದಡದ ನೀರಿನಲ್ಲಿ ಊರಿನ ಕೊಳೆ, ದೋಣಿಯ ಎಣ್ಣೆ ಇರುತ್ತದೆ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವುದರಿಂದ ಮಳೆಗಾಲದಲ್ಲಿ ದಡದ ನೀರು ಸಪ್ಪೆಯಾಗುತ್ತದೆ. ಮುಚ್ಚಿದ ಕ್ಯಾನಿನಲ್ಲಿ ಬಿಸಿಲಲ್ಲಿ ದಿನವಿಡೀ ಬಂದರೆ ಅದರಲ್ಲಿದ್ದ ಸಣ್ಣ ಜೀವಗಳು ಸತ್ತು ನೀರು ನಾರುತ್ತದೆ. ಬೇಡ.

ಉಪ್ಪುನೀರು ಕಲಸೋ ಸರಿಯಾದ ಕ್ರಮ ಯಾವುದು?

ಬಕೆಟಿನಲ್ಲಿ ಮೊದಲು ಆರ್‌ಒ-ಡಿಐ ನೀರು ತುಂಬಿ, ಸಣ್ಣ ಪಂಪ್ ಹಾಕಿ, ನೀರು ಸುತ್ತುತ್ತಿರುವಾಗ ಉಪ್ಪನ್ನು ಸ್ವಲ್ಪ ಸ್ವಲ್ಪ ಸುರಿಯಿರಿ. ಉಪ್ಪು ಹಾಕಿ ಅದರ ಮೇಲೆ ನೀರು ಹೊಯ್ದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳ ಹಿಡಿಯುತ್ತದೆ, ಮತ್ತೆ ಕರಗಲ್ಲ. ಮೊದಲು ನೀರು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಕೆಲವು ಗಂಟೆಯಲ್ಲಿ ಬಕೆಟಿನ ತಳ ಕಾಣುವಷ್ಟು ತಿಳಿಯಾಗುತ್ತದೆ. ರಾತ್ರಿ ಕಲಸಿಟ್ಟು ಬೆಳಿಗ್ಗೆ ಅಳೆಯಿರಿ.

ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಗುಳ್ಳೆ ಇಲ್ಲ ಅಂತ ನೋಡಿ, ಅರ್ಧ ನಿಮಿಷ ಬಿಟ್ಟು ಕಿಟಕಿ ಕಡೆ ಹಿಡಿದು ನೋಡಿ. ನೀಲಿ ಮತ್ತು ಬಿಳಿ ಸೇರುವ ಗೆರೆ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು), ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ 1.026 ಹತ್ತಿರ ನಿಲ್ಲಬೇಕು. ಬರೀ ನೀರಿನಲ್ಲಿ ಸೊನ್ನೆ ಹೊಂದಿಸಿದರೆ ಸಾಲದು. 35 ಪಿಪಿಟಿಯ ಮಾದರಿ ದ್ರಾವಣ ಸಿಗುತ್ತದೆ, ತಿಂಗಳಿಗೊಮ್ಮೆ ಅದರಲ್ಲಿ ಸರಿ ನೋಡಿಕೊಳ್ಳಿ. ಹೊಸ ನೀರಿನ ಶಾಖವೂ ಟ್ಯಾಂಕಿನಷ್ಟೇ ಇದ್ದಾಗ ಹಾಕಿ.

ತುಂಗಭದ್ರೆ ಮರಳು, ಹಂಪಿ ಕಡೆ ಕಲ್ಲು ಚೆಂದ ಇರುತ್ತೆ. ಹಾಕ್ಲಾ?

ಹೊಳೆ ಮರಳು ಸಿಲಿಕಾ, ನಮ್ಮ ಬಂಡೆ ಗ್ರಾನೈಟ್. ಎರಡಕ್ಕೂ ಬ್ಯಾಕ್ಟೀರಿಯಾ ಒಳಗೆ ಸೇರುವಷ್ಟು ರಂಧ್ರ ಇಲ್ಲ. ಸಂಡೂರು ಕಡೆಯ ಕೆಂಪು ಕಲ್ಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಇರುತ್ತದೆ, ಅದಂತೂ ಬೇಡವೇ ಬೇಡ. ಅರಗೊನೈಟ್ (ಒಂದು ಬಗೆಯ ಕ್ಯಾಲ್ಸಿಯಂ ಕಾರ್ಬೊನೇಟ್) ಮರಳು ಒಂದು ಅಂಗುಲ ಮತ್ತು ಹವಳದ ಟ್ಯಾಂಕಿಗೆ ಅಂತ ಮಾರುವ ರಂಧ್ರದ ಒಣ ಕಲ್ಲು 8-10 ಕಿಲೋ ತರಿಸಿ. ಗಾಜಿಗೆ ತಾಗದಂತೆ, ಹಿಂದಿನಿಂದಲೂ ನೀರು ಓಡಾಡುವಂತೆ ಜೋಡಿಸಿ.

ನೀರು ತುಂಬಿ ಹತ್ತು ದಿನ ಆಯ್ತು, ತಿಳಿಯಾಗಿದೆ. ಮೀನು ಬಿಡ್ಲಾ ಅಣ್ಣ?

ಇನ್ನೂ ಬೇಡ. ನೀರು ತಿಳಿಯಾಗುವುದಕ್ಕೂ ತಯಾರಾಗುವುದಕ್ಕೂ ಸಂಬಂಧ ಇಲ್ಲ. ಮೀನಿನ ಮಲ, ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಅದು ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತದೆ. ಇವು ಕಲ್ಲಿನಲ್ಲಿ ನೆಲೆಯೂರೋಕೆ ನಾಲ್ಕರಿಂದ ಆರು ವಾರ ಬೇಕು. ಬಾಟಲಿ ಬ್ಯಾಕ್ಟೀರಿಯಾ ಹಾಕಿ, ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷದಲ್ಲಿ ಎರಡು ಭಾಗ) ಬರುವಷ್ಟು ಅಮೋನಿಯಂ ಕ್ಲೋರೈಡ್ ಹಾಕಿ ಕಾಯಿರಿ. ಹಾಕಿದ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಗೆ ಬಂದು, ನೈಟ್ರೈಟೂ ಸೊನ್ನೆ ಆದರೆ ತಯಾರು ಅಂತ ಲೆಕ್ಕ. ಆ ದಿನ ಕಾಲು ಭಾಗ ನೀರು ಬದಲಾಯಿಸಿ, ಒಂದೇ ಒಂದು ಮೀನು ಇಲ್ಲವೇ ಒಂದು ಸಣ್ಣ ಜೋಡಿಯಿಂದ ಶುರು ಮಾಡಿ.

## ಬಿಸಿಲು ಮತ್ತು ಕರೆಂಟು

ಏಪ್ರಿಲ್-ಮೇನಲ್ಲಿ 42 ಡಿಗ್ರಿ ಇರುತ್ತೆ. ನೀರು ತಣ್ಣಗೆ ಮಾಡೋ ಚಿಲ್ಲರ್ ಮಷೀನ್ ಇಲ್ಲದೆ ಸಾಧ್ಯನಾ?

ಸಾಧ್ಯ. ಇದರಲ್ಲಿ ನಮಗೆ ಮಂಗಳೂರಿನವರಿಗೆ ಇಲ್ಲದ ಒಂದು ಅನುಕೂಲ ಇದೆ. ನಮ್ಮ ಬೇಸಿಗೆ ಒಣ. ನೀರಿನ ಮೇಲೆ ಫ್ಯಾನ್ ಗಾಳಿ ಹಾಯಿಸಿದರೆ ನೀರು ಆವಿಯಾಗಿ ಶಾಖ ತೆಗೆದುಕೊಂಡು ಹೋಗುತ್ತದೆ. ಒಂದು ಲೀಟರ್ ಆವಿಯಾದರೆ, 100 ಲೀಟರ್ ನೀರನ್ನು ಐದಾರು ಡಿಗ್ರಿ ಇಳಿಸುವಷ್ಟು ಶಾಖ ಹೊರಗೆ ಹೋದ ಹಾಗೆ. ಅಷ್ಟರಲ್ಲಿ ಕೋಣೆಯ ಬಿಸಿ ಮತ್ತೆ ಒಳಗೆ ಬರುತ್ತಿರುತ್ತದೆ, ಹಾಗಾಗಿ ಕೈಗೆ ಸಿಗೋದು ಎರಡರಿಂದ ನಾಲ್ಕು ಡಿಗ್ರಿ ಇಳಿಕೆ. ಗಾಳಿಯಲ್ಲಿ ತೇವ ತುಂಬಿರುವ ಕರಾವಳಿಯಲ್ಲಿ ಇದೇ ಫ್ಯಾನ್ ಇಷ್ಟು ಕೆಲಸ ಮಾಡಲ್ಲ.

ಕಂಪ್ಯೂಟರ್ ಫ್ಯಾನ್ ಎರಡು ಸಾಕು. ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಕಟ್ಟಿ. ಗಾಜಿನ ಮುಚ್ಚಳ ತೆಗೆದು ಜಾಲರಿ ಹಾಕಿ. ಮುಚ್ಚಳ ಇದ್ದರೆ ಶಾಖ ಒಳಗೇ ಉಳಿಯುತ್ತದೆ. ಜಾಲರಿ ಇಲ್ಲದಿದ್ದರೆ ಮೀನು ಹೊರಗೆ ಹಾರುತ್ತದೆ. ಲೈಟ್ ಸಮಯವನ್ನು ಸಂಜೆ ನಾಲ್ಕರಿಂದ ರಾತ್ರಿ ಹನ್ನೆರಡಕ್ಕೆ ಬದಲಿಸಿ. ಹವಳಕ್ಕೆ ದಿನಕ್ಕೆ ಎಂಟು ಗಂಟೆ ಬೆಳಕು ಸಿಕ್ಕರೆ ಆಯಿತು, ಅದು ಮಧ್ಯಾಹ್ನವೇ ಆಗಬೇಕಿಲ್ಲ. ಕೋಣೆಗೆ ಕೂಲರ್ ಇದ್ದರೆ ಹಾಕಿ, ಕಿಟಕಿ ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಕೂಲರ್ ತೇವ ತುಂಬಿ ಟ್ಯಾಂಕಿನ ಫ್ಯಾನಿನ ಕೆಲಸ ಕೆಡಿಸುತ್ತದೆ.

ಇಷ್ಟೆಲ್ಲ ಮಾಡಿದರೂ ನೀರು 29 ದಾಟುತ್ತಿದ್ದರೆ ಆರ್‌ಒ ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಮುಚ್ಚಳ ಬಿಗಿದಿರುವಂತೆಯೇ ತೇಲಿಬಿಡಿ. ಒಮ್ಮೆಗೆ ಒಂದು ಡಿಗ್ರಿಗಿಂತ ಜಾಸ್ತಿ ಇಳಿಸಬೇಡಿ. ತಾರಸಿ ಕೆಳಗಿನ ಮನೆ, ಹಗಲೆಲ್ಲ ಬೀಗ ಹಾಕಿರುವ ಮನೆ ಆದರೆ ಚಿಲ್ಲರ್ ಇಲ್ಲದೆ ಆಗದು. ಅಂಥವರಿಗೆ ನಾನು ಸುಮ್ನೆ ಧೈರ್ಯ ಹೇಳಲ್ಲ.

ನೇತ್ರಾಣಿ ದ್ವೀಪದ ಹತ್ರ ಸಮುದ್ರವೇ 28-29 ಡಿಗ್ರಿ ಇರುತ್ತಲ್ಲ. ನಮ್ಮ ಟ್ಯಾಂಕ್ 30 ಆದ್ರೆ ಏನು?

ಒಳ್ಳೆ ಪ್ರಶ್ನೆ. ಮುರುಡೇಶ್ವರದ ಹತ್ತಿರದ ನೇತ್ರಾಣಿ ಇರಲಿ, ಲಕ್ಷದ್ವೀಪ ಇರಲಿ, ಹವಳ ತನ್ನ ಸಹನೆಯ ಅಂಚಿನಲ್ಲೇ ಬದುಕುತ್ತದೆ. ತನ್ನ ಜಾಗದ ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದು ಡಿಗ್ರಿ ಮೇಲೆ ಕೆಲವು ವಾರ ಇದ್ದರೂ ಮೈಯೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ದೊಡ್ಡ ಪ್ರಮಾಣದಲ್ಲಿ ಸತ್ತವು. ಸಮುದ್ರದಲ್ಲಿ ಶಾಖ ಏರೋಕೆ ವಾರಗಳು ಹಿಡಿಯುತ್ತವೆ, ನಿಮ್ಮ ಟ್ಯಾಂಕಿನಲ್ಲಿ ಒಂದು ಮಧ್ಯಾಹ್ನ ಸಾಕು. ಜೊತೆಗೆ ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ ಹಿಡಿಯುತ್ತದೆ. 25-27ರಲ್ಲಿ ಇಟ್ಟರೆ ಕೆಟ್ಟ ದಿನಕ್ಕೆ ಎರಡು ಡಿಗ್ರಿ ಕೈಯಲ್ಲಿ ಉಳಿದಿರುತ್ತದೆ.

ದಿನಾ ನೀರು ಇಳೀತಾ ಇದೆ. ಉಪ್ಪುನೀರು ತುಂಬಬೇಕಾ, ಸಿಹಿನೀರಾ?

ಸಿಹಿನೀರು, ಅಂದರೆ ಆರ್‌ಒ-ಡಿಐ ನೀರು. ಆವಿಯಾಗೋದು ನೀರು ಮಾತ್ರ, ಉಪ್ಪು ಒಳಗೇ ಇರುತ್ತದೆ. 100 ಲೀಟರಿನಲ್ಲಿ 5 ಲೀಟರ್ ಇಳಿದರೆ 35 ಇದ್ದ ಉಪ್ಪಿನಂಶ ಸುಮಾರು 37 ಆಗುತ್ತದೆ. ಫ್ಯಾನ್ ಹಾಕಿದ ಬೇಸಿಗೆಯಲ್ಲಿ ದಿನಕ್ಕೆ ಎರಡು-ಮೂರು ಲೀಟರ್ ಹೋಗೋದು ಸಾಮಾನ್ಯ. ಗಾಜಿನ ಮೇಲೆ ಮಾರ್ಕರ್ ಗೆರೆ ಎಳೆದು ಬೆಳಿಗ್ಗೆ ಸಂಜೆ ಅಲ್ಲಿವರೆಗೆ ತುಂಬಿ. ಮಟ್ಟ ಇಳಿದ ಕೂಡಲೇ ತಾನೇ ತುಂಬುವ ಆಟೋ ಟಾಪ್-ಆಫ್ ಸಿಗುತ್ತದೆ. ನಮ್ಮ ಹವೆಗೆ ಅದು ಖರ್ಚಿಗೆ ತಕ್ಕ ವಸ್ತು.

ಕರೆಂಟ್ ನಾಲ್ಕು ತಾಸು ಹೋಗುತ್ತೆ. ಮೀನು ಸಾಯ್ತಾವಾ?

ನೀರು ನಿಂತರೆ ಆಮ್ಲಜನಕ ಕಡಿಮೆಯಾಗುತ್ತದೆ, ತೊಂದರೆ ಅಲ್ಲಿಂದಲೇ ಶುರು. ಮನೆ ಇನ್ವರ್ಟರಿಗೆ ವೇವ್‌ಮೇಕರ್ ಮತ್ತು ಫ್ಯಾನ್ ಮಾತ್ರ ಕೊಡಿ. ಎರಡೂ ಸೇರಿ 20 ವ್ಯಾಟ್ ಆಸುಪಾಸು, ಬ್ಯಾಟರಿಗೆ ಭಾರವೇ ಅಲ್ಲ. ಲೈಟು, ಹೀಟರ್ ಇನ್ವರ್ಟರಿಗೆ ಬೇಡ. ಇನ್ವರ್ಟರ್ ಇಲ್ಲದವರು ಕರೆಂಟ್ ಹೋದ ತಕ್ಷಣ ತಾನೇ ಚಾಲೂ ಆಗುವ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ. ಏನೂ ಇಲ್ಲದ ಹೊತ್ತಿನಲ್ಲಿ ಮಗ್ಗಿನಿಂದ ನೀರೆತ್ತಿ ಒಂದಡಿ ಮೇಲಿಂದ ಹುಯ್ಯಿರಿ, ಹತ್ತು ನಿಮಿಷಕ್ಕೊಮ್ಮೆ. ಆ ಹೊತ್ತಲ್ಲಿ ಆಹಾರ ಹಾಕಬೇಡಿ. ಮುಚ್ಚಿದ ಡಬ್ಬಿಯ ಫಿಲ್ಟರ್ ಗಂಟೆಗಟ್ಟಲೆ ನಿಂತಿದ್ದರೆ ಒಳಗಿನ ನೀರು ಕೆಟ್ಟಿರುತ್ತದೆ, ತೊಳೆದು ಆಮೇಲೆ ಚಾಲೂ ಮಾಡಿ.

ಇಷ್ಟು ಬಿಸಿ ಊರಲ್ಲಿ ಹೀಟರ್ ಯಾಕೆ?

ಡಿಸೆಂಬರ್-ಜನವರಿ ರಾತ್ರಿಗೆ. ಹಗಲು 30, ಬೆಳಗಿನ ಜಾವ 16-17 ಆಗುತ್ತದೆ. ಈ ಏರಿಳಿತವೇ ಮೀನಿಗೆ ಕಾಯಿಲೆ ತರೋದು. 100 ವ್ಯಾಟ್ ಹೀಟರ್ 25 ಡಿಗ್ರಿಗೆ ಇಡಿ.

## ಮೀನು ಮತ್ತು ಹವಳ

ಮೊದಲ ಮೀನು ಯಾವುದು? ಮಗಳಿಗೆ ಆ ಕಡುನೀಲಿ ಮೀನೇ ಬೇಕಂತೆ.

ಆ ಕಡುನೀಲಿ ಮೀನು ಬ್ಲೂ ಟ್ಯಾಂಗ್. ಬೆಳೆದರೆ ಒಂದು ಅಡಿ ಹತ್ತಿರ ಆಗುತ್ತದೆ, ದಿನವಿಡೀ ಈಜಾಡುತ್ತದೆ. ಎರಡು ಅಡಿ ಟ್ಯಾಂಕ್ ಅದಕ್ಕೆ ಜೈಲು. ಮಗಳಿಗೆ ಕ್ಲೌನ್ ಮೀನು ತೋರಿಸಿ. ಒಂದು ಜೋಡಿ ತನ್ನಿ, ಅದೂ ತೊಟ್ಟಿಯಲ್ಲಿ ಮರಿ ಮಾಡಿಸಿದ್ದನ್ನೇ ಕೇಳಿ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮೀನಿನ ಮರಿ ಬೆಳೆಸುವ ವಿಧಾನವನ್ನು ರೂಢಿಗೆ ತಂದಿದೆ, ಹಾಗಾಗಿ ನಮ್ಮ ದೇಶದ್ದೇ ಮರಿಗಳು ಸಿಗುತ್ತವೆ. ಅವು ಒಣ ಆಹಾರ ತಿಂದು ಬೆಳೆದಿರುತ್ತವೆ, ಗಟ್ಟಿ ಇರುತ್ತವೆ. ಕ್ಲೌನ್ ಮೀನು ಹುಟ್ಟುವಾಗ ಎಲ್ಲ ಗಂಡೇ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಕಡಲಲ್ಲಿ ಅವು ಆಸರೆ ಪಡೆಯುವ ಹೂವಿನಂಥ ಪ್ರಾಣಿ ಸೀ ಅನಿಮೋನ್ ಇಲ್ಲದಿದ್ದರೂ ಆರಾಮಾಗಿರುತ್ತವೆ, ಹೊಸ ಟ್ಯಾಂಕಿಗೆ ಅನಿಮೋನ್ ತರಲೇಬೇಡಿ.

ಆಮೇಲೆ ಒಂದು ಫೈರ್‌ಫಿಶ್, ಒಂದು ಸಣ್ಣ ಗೋಬಿ, ಒಂದು ಕ್ಲೀನರ್ ಸಿಗಡಿ, ಪಾಚಿ ಮೇಯುವ ಐದಾರು ಬಸವನಹುಳು. ಅಲ್ಲಿಗೆ ನಿಲ್ಲಿಸಿ. ಅಗ್ಗ ಅಂತ ಡ್ಯಾಮ್ಸೆಲ್ ಮೀನು ಕೊಡುತ್ತಾರೆ, ಅದು ಉಳಿದವನ್ನು ಬದುಕೋಕೆ ಬಿಡಲ್ಲ. ಮ್ಯಾಂಡರಿನ್ ಮೀನು ಎಷ್ಟೇ ಚೆಂದ ಇದ್ದರೂ ಬೇಡ. ಅದು ತಿನ್ನುವ ಸಣ್ಣ ಹುಳ ಹೊಸ ಟ್ಯಾಂಕಿನಲ್ಲಿ ಸಾಲದೆ ಉಪವಾಸ ಸಾಯುತ್ತದೆ.

ಬೆಂಗಳೂರಿಂದ ರಾತ್ರಿ ಬಸ್ಸಿಗೆ ಹಾಕಿಸ್ತೀನಿ. ಬಂದ ಮೇಲೆ ಎಷ್ಟು ಗಂಟೆ ಹನಿ ನೀರು ಬಿಡಬೇಕು?

ಮೀನು ಹೊಸ ನೀರಿಗೆ ಒಗ್ಗಲಿ ಅಂತ ಪೊಟ್ಟಣಕ್ಕೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಡುವ ರೂಢಿ ಇದೆ. ದೂರದಿಂದ ಬಂದ ಪೊಟ್ಟಣಕ್ಕೆ ಹಾಗೆ ಗಂಟೆಗಟ್ಟಲೆ ಬಿಡಬೇಡಿ. ಪೊಟ್ಟಣದೊಳಗೆ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ. ಅಲ್ಲಿ ಅಮೋನಿಯಾ ಅಷ್ಟು ವಿಷ ಅಲ್ಲದ ರೂಪದಲ್ಲಿ ಇರುತ್ತದೆ. ಬಾಯಿ ಬಿಚ್ಚಿದ ಕೂಡಲೇ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಹಾಗಾಗಿ ಪೊಟ್ಟಣವನ್ನು ಮುಚ್ಚಿದಂತೆಯೇ 20 ನಿಮಿಷ ತೇಲಿಬಿಟ್ಟು ಶಾಖ ಹೊಂದಿಸಿ. ಮಾರುವವರನ್ನು ಮೊದಲೇ ಕೇಳಿ ಅವರ ನೀರಿನ ಉಪ್ಪಿನಂಶಕ್ಕೆ ಸರಿಯಾಗಿ ಒಂದು ಡಬ್ಬಿ ತಯಾರು ಮಾಡಿಟ್ಟಿರಿ. ಬಿಚ್ಚಿದ ತಕ್ಷಣ ಮೀನನ್ನು ಅದಕ್ಕೆ ವರ್ಗಾಯಿಸಿ. ಪೊಟ್ಟಣದ ನೀರು ಟ್ಯಾಂಕಿಗೆ ಬೀಳಬಾರದು.

ಮೊದಲ ಹವಳ ಯಾವುದು ತರಲಿ?

ಮೆದು ಹವಳ. ಮಶ್ರೂಮ್, ಜೊಯಾಂಥಿಡ್, ಲೆದರ್ ಹವಳ. ಇವು ಸಣ್ಣಪುಟ್ಟ ಏರುಪೇರು ತಡೆಯುತ್ತವೆ, ಸಾಧಾರಣ ಬೆಳಕಲ್ಲೇ ಬೆಳೆಯುತ್ತವೆ. ಗ್ರೀನ್ ಸ್ಟಾರ್ ಪಾಲಿಪ್ ತಂದರೆ ಅದನ್ನು ಬೇರೆ ಕಲ್ಲಿನ ಮೇಲೆ ದ್ವೀಪದ ಥರ ಇಡಿ, ಇಲ್ಲದಿದ್ದರೆ ಇಡೀ ಟ್ಯಾಂಕ್ ಹಬ್ಬುತ್ತದೆ. ಹೊಸ ಹವಳವನ್ನು ಮೊದಲು ಕೆಳಗೆ ಇಟ್ಟು ವಾರಕ್ಕೊಮ್ಮೆ ಸ್ವಲ್ಪ ಮೇಲಕ್ಕೆ ಸರಿಸಿ. ದಿನಾ ಜಾಗ ಬದಲಿಸಬೇಡಿ.

ಮುರುಡೇಶ್ವರ, ರಾಮೇಶ್ವರಕ್ಕೆ ಹೋದಾಗ ದಡದಲ್ಲಿ ಬಿದ್ದ ಹವಳ ಎತ್ಕೊಂಡು ಬರಬಹುದಾ?

ಬರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳೆಲ್ಲ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ, ಕಡಲ ಕುದುರೆ, ಕಡಲ ಸೌತೆ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಸತ್ತ ತುಂಡು ಅಂದರೂ ಬಿಡಲ್ಲ. ಅಂಗಡಿಯಲ್ಲಿ ‘ಲೈವ್ ರಾಕ್’ (ಜೀವಿಗಳು ನೆಲೆಸಿದ ಕಲ್ಲು) ಅಂತ ನಮ್ಮ ಕಡಲಿನ ಹವಳದ ಕಲ್ಲನ್ನೇ ಕೊಟ್ಟರೆ ತಗೋಬೇಡಿ. ಆಮದು ಮಾಡಿದ್ದು ಅಂದರೆ ಕಾಗದ ಕೇಳಿ. 2022ರ ತಿದ್ದುಪಡಿಯ ನಂತರ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಂತ ಪ್ರಾಣಿ ಇಟ್ಟುಕೊಳ್ಳೋಕೆ ಸರ್ಕಾರದಲ್ಲಿ ನೋಂದಣಿ ಬೇಕು. ಕಡಲನ್ನು ಬರಿದು ಮಾಡಿ ಮನೆಯಲ್ಲಿ ಕಡಲು ಕಟ್ಟೋದು ನನಗಂತೂ ಒಪ್ಪಿಗೆ ಇಲ್ಲ.

ದಿನಕ್ಕೆ ಎಷ್ಟು ಸಲ ಊಟ?

ಒಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಕಮ್ಮಿ.

## ತೊಂದರೆ ಬಂದಾಗ

ಎಲ್ಲ ಸರಿ ಇತ್ತು, ಈಗ ಮರಳೆಲ್ಲ ಕಂದು ಬಣ್ಣ. ಏನಾಯ್ತು?

ಮೊದಲ ಎರಡು ಮೂರು ತಿಂಗಳಾದರೆ ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ನೀರಿನಲ್ಲಿರುವ ಸಿಲಿಕೇಟ್ ತಿಂದು ಬೆಳೆಯುತ್ತದೆ, ಮುಗಿದ ಮೇಲೆ ಹೋಗುತ್ತದೆ. ಹೋಗದಿದ್ದರೆ ಡಿಐ ರೆಸಿನ್ ಮುಗಿದಿದೆಯಾ ನೋಡಿ. ಹಸಿರು ಕೂದಲಿನಂಥ ಪಾಚಿ ಬಂದರೆ ಆಹಾರ ಜಾಸ್ತಿ ಆಗಿದೆ. ಕೈಯಿಂದ ಕಿತ್ತು, ನೀರು ಬದಲಾಯಿಸಿ. ಕೆಂಪು-ನೇರಳೆ ಪದರದಂತೆ ಹಾಸಿಕೊಂಡರೆ ಸಯನೋಬ್ಯಾಕ್ಟೀರಿಯಾ, ನೀರು ಓಡದ ಮೂಲೆಯಲ್ಲಿ ಬರುತ್ತದೆ, ಪಂಪಿನ ದಿಕ್ಕು ಬದಲಿಸಿ. ಗುಳ್ಳೆ ಸಿಕ್ಕಿಕೊಂಡ ಕಂದು ಲೋಳೆ ಎಳೆಗಳು ಬಂದರೆ ಮಾತ್ರ ಎಚ್ಚರ. ಅದು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದಾಗ ಹಬ್ಬುವುದು ಜಾಸ್ತಿ. ಆಗ ನೀರು ಬದಲಾಯಿಸೋದು ನಿಲ್ಲಿಸಿ, ಆಹಾರ ಸ್ವಲ್ಪ ಹೆಚ್ಚಿಸಬೇಕು. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಸೊನ್ನೆ ಗುರಿ ಅಲ್ಲ.

ಮೀನಿನ ಮೈಮೇಲೆ ಬಿಳಿ ಚುಕ್ಕಿ. ಅಂಗಡಿಯ ನೀಲಿ ಔಷಧಿ ಹಾಕ್ಲಾ?

ಹವಳದ ಟ್ಯಾಂಕಿಗೆ ಔಷಧಿ ಹಾಕಬೇಡಿ. ಉಪ್ಪಿನ ಕಾಳು ಉದುರಿಸಿದಂಥ ಚುಕ್ಕಿ ಅಂದರೆ ಹೆಚ್ಚಾಗಿ ಇಕ್, ಒಂದು ಪರೋಪಜೀವಿ. ಮೀನನ್ನೆಲ್ಲ ಬೇರೆ ಟ್ಯಾಂಕಿಗೆ ತೆಗೆದು ಅಲ್ಲಿ ತಾಮ್ರದ ಔಷಧಿ ಕೊಡಬೇಕು, ಟೆಸ್ಟ್ ಕಿಟ್ ಹಿಡಿದು ಅಳತೆ ತಪ್ಪದಂತೆ. ಮುಖ್ಯ ಟ್ಯಾಂಕ್ ಸುಮಾರು 76 ದಿನ ಮೀನಿಲ್ಲದೆ ಇರಬೇಕು, ಆಗ ಪರೋಪಜೀವಿ ಹಸಿದು ಸಾಯುತ್ತದೆ. ಇಷ್ಟು ಪಡಿಪಾಟಲು ಬೇಡ ಅಂದರೆ ಹೊಸ ಮೀನನ್ನು ಮೊದಲೇ ನಾಲ್ಕು ವಾರ ಬೇರೆ ಇಟ್ಟು ನೋಡಿ. ನುಣ್ಣನೆ ಪುಡಿಯಂತೆ ಧೂಳು ಕಂಡು ಮೀನು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್. ಅದು ಎರಡು ಮೂರು ದಿನದಲ್ಲಿ ಕೊಲ್ಲುತ್ತದೆ, ನಾಳೆ ಅನ್ನಬೇಡಿ.

ನಿನ್ನೆ ಚೆನ್ನಾಗಿದ್ದ ಸಿಗಡಿ ಇವತ್ತು ಸತ್ತಿದೆ. ನೀರಿನ ಟೆಸ್ಟ್ ಎಲ್ಲ ಸರಿ ಇದೆ.

ಮನೆಯಲ್ಲಿ ಸೊಳ್ಳೆಗೆ, ಜಿರಳೆಗೆ ಸ್ಪ್ರೇ ಹೊಡೆದಿರಾ? ಸೊಳ್ಳೆ ಬತ್ತಿ, ಲಿಕ್ವಿಡ್ ಮಷೀನು ಟ್ಯಾಂಕಿನ ಕೋಣೆಯಲ್ಲಿದೆಯಾ? ಅವುಗಳಲ್ಲಿರುವ ಪೈರಿಥ್ರಾಯ್ಡ್ ಮೀನಿಗೂ ವಿಷ, ಸಿಗಡಿಗಂತೂ ತೀರಾ ಕಡಿಮೆ ಪ್ರಮಾಣವೂ ಸಾಕು. ಇನ್ನೊಂದು ನಮ್ಮ ಭಾಗದ್ದೇ ವಿಷಯ. ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಔಷಧಿ ಹೊಡೆದು ಬಂದ ಕೈಯನ್ನು ಸೋಪು ಹಾಕಿ ಎಷ್ಟೇ ತೊಳೆದರೂ ಆ ದಿನ ಟ್ಯಾಂಕಿಗೆ ಇಳಿಸಬೇಡಿ. ಮನೆಯಲ್ಲಿ ಬೇರೆಯವರು ನೋಡಿಕೊಳ್ಳಲಿ. ಸೊಳ್ಳೆಗೆ ಪರದೆ ಕಟ್ಟಿ. ಧೂಪ, ಫಿನಾಯಿಲ್ ಕೂಡ ಆ ಕೋಣೆಯಿಂದ ದೂರ ಇರಲಿ.

## ಸ್ವಲ್ಪ ಕೈ ಕುದುರಿದ ಮೇಲೆ

ಕ್ಯಾಲ್ಸಿಯಂ, ಆಲ್ಕಲಿನಿಟಿ ಯಾವಾಗ ನೋಡಬೇಕು?

ಆಲ್ಕಲಿನಿಟಿ, ಅಂದರೆ ಪಿಎಚ್ ಬೀಳದಂತೆ ತಡೆಯುವ ನೀರಿನ ಶಕ್ತಿ, ವಾರಕ್ಕೊಮ್ಮೆ, ಮೊದಲ ದಿನದಿಂದಲೇ. ಅದರ ಅಳತೆ ಡಿಕೆಎಚ್, 8-9 ಇರಲಿ. ಕ್ಯಾಲ್ಸಿಯಂ 400-450, ಮೆಗ್ನೀಷಿಯಂ 1250-1350 ಪಿಪಿಎಂ, ತಿಂಗಳಿಗೊಮ್ಮೆ ನೋಡಿದರೆ ಸಾಕು. ಮೆದು ಹವಳ ಮಾತ್ರ ಇದ್ದರೆ ವಾರದ ಶೇ. 10ರಷ್ಟು ನೀರು ಬದಲಾವಣೆಯೇ ಇವನ್ನೆಲ್ಲ ಕಾಯುತ್ತದೆ. ಒಂದು ವಾರ 7, ಇನ್ನೊಂದು ವಾರ 10 ಆಗೋದಕ್ಕಿಂತ ಸದಾ 7.5 ಇರೋದು ಮೇಲು. ಅಂಕಿಯನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ.

ಎಲೆ-ಅಡಿಕೆ ಸುಣ್ಣ ಹಾಕಿದ್ರೆ ಕ್ಯಾಲ್ಸಿಯಂ ಬರುತ್ತಂತೆ, ಹೌದಾ?

ಮೂಲ ವಸ್ತು ಒಂದೇ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹವಳ ಸಾಕುವವರು ಶುದ್ಧ ರೂಪದ್ದನ್ನು ನೀರಿಗೆ ಕರಗಿಸಿ ಹಾಕುವುದುಂಟು. ಆದರೆ ತಿನ್ನುವ ಸುಣ್ಣದಲ್ಲಿ ಇನ್ನೇನು ಬೆರೆತಿದೆ ಅಂತ ಗೊತ್ತಾಗಲ್ಲ, ಅದು ಬೇಡ. ಶುದ್ಧ ಪುಡಿಯಾದರೂ ಲೀಟರಿಗೆ ಒಂದೂವರೆ ಗ್ರಾಂ ಚಿಲ್ಲರೆ ಮಾತ್ರ ಕರಗುತ್ತದೆ, ತಿಳಿ ನೀರಿನ ಪಿಎಚ್ 12 ದಾಟುತ್ತದೆ, ಹನಿಹನಿಯಾಗಿಯೇ ಬಿಡಬೇಕು.

ಬೇರೆ ಕಡೆಯವರು ಇದನ್ನು ಆವಿಯಾದ ನೀರಿನ ಬದಲಿಗೆ ಪೂರ್ತಿ ಸುರಿಯಿರಿ ಅನ್ನುತ್ತಾರೆ. ನಮ್ಮಲ್ಲಿ ಆ ಸಲಹೆ ಅಪಾಯ. ಮಳೆಗಾಲದಲ್ಲಿ ಒಂದು ಲೀಟರ್ ಆವಿಯಾಗುವ ಟ್ಯಾಂಕ್ ಮೇ ತಿಂಗಳಲ್ಲಿ ಮೂರು ಲೀಟರ್ ಕುಡಿಯುತ್ತದೆ. ಹವಳಕ್ಕೆ ಬೇಕಾದ ಸುಣ್ಣ ಮಾತ್ರ ಮೂರು ಪಟ್ಟಾಗಿರಲ್ಲ. ದಿನಕ್ಕೆ ಇಷ್ಟೇ ಅಂತ ಅಳೆದು, ಉಳಿದದ್ದಕ್ಕೆ ಬರೀ ಆರ್‌ಒ-ಡಿಐ ನೀರು ತುಂಬಿ.

ಗವಿಮಠದ ಜಾತ್ರೆಗೆ ನಾಲ್ಕು ದಿನ ಊರಿಗೆ ಹೋಗಬೇಕು. ಟ್ಯಾಂಕ್ ಬಿಟ್ಟು ಹೋಗಬಹುದಾ?

ಜಾತ್ರೆ ಜನವರಿಯಲ್ಲಿ, ಹಾಗಾಗಿ ಹೋಗಬಹುದು. ದೊಡ್ಡ ಮೀನು ನಾಲ್ಕು ದಿನ ಉಪವಾಸ ಇದ್ದರೂ ಏನೂ ಆಗಲ್ಲ. ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಡಬೇಡಿ, ಪ್ರೀತಿಗೆ ಜಾಸ್ತಿ ಹಾಕಿಬಿಡುತ್ತಾರೆ. ಗೆರೆವರೆಗೆ ನೀರು ತುಂಬಲು ಅಳೆದ ಬಾಟಲಿಗಳನ್ನಷ್ಟೇ ಕೊಡಿ. ಬೇಸಿಗೆಯಲ್ಲಾದರೆ ಶಾಖ, ಇನ್ವರ್ಟರ್ ನೋಡಿಕೊಳ್ಳಲು ಗೊತ್ತಿರುವವರು ದಿನಕ್ಕೆ ಎರಡು ಸಲ ಬರಲೇಬೇಕು.

ಜೊಯಾಂಥಿಡ್ ಜಾಸ್ತಿ ಬೆಳೆದಿದೆ. ಕತ್ತರಿಸಿ ಗೆಳೆಯನಿಗೆ ಕೊಡೋದು ಹೇಗೆ?

ಕೊಡಿ, ಹತ್ತಿರದಲ್ಲೇ ಇನ್ನೊಬ್ಬರ ಮನೆಯಲ್ಲಿ ಇದ್ದರೆ ನಿಮ್ಮದು ಹೋದ ದಿನ ವಾಪಸ್ ಸಿಗುತ್ತದೆ. ಆದರೆ ಹುಷಾರು. ಕೆಲವು ಜೊಯಾಂಥಿಡ್, ಪಾಲಿಥೋವಗಳಲ್ಲಿ ಪಾಲಿಟಾಕ್ಸಿನ್ ಎಂಬ ಬಲವಾದ ವಿಷ ಇರುತ್ತದೆ. ಕೈಗವಸು, ಕನ್ನಡಕ ಹಾಕಿ. ಕೈಗೆ ಗಾಯ ಇದ್ದರೆ ಆ ದಿನ ಬಿಡಿ. ಹವಳವನ್ನು ಸುತ್ತಿಗೆಯಿಂದ ಒಡೆಯದೆ, ಅದು ಕೂತಿರುವ ಕಲ್ಲನ್ನು ನೀರಿನೊಳಗೇ ಇಕ್ಕಳದಿಂದ ತುಂಡು ಮಾಡಿ. ರಸ ಕಣ್ಣಿಗೆ ಸಿಡಿಯಬಾರದು. ಜೊಯಾಂಥಿಡ್ ಇದ್ದ ಕಲ್ಲನ್ನು ಸ್ವಚ್ಛ ಮಾಡಲು ಯಾವತ್ತೂ ಕುದಿಸಬೇಡಿ, ಆ ಹಬೆ ಉಸಿರಿಗೆ ಹೋಗಿ ಆಸ್ಪತ್ರೆ ಸೇರಿದವರಿದ್ದಾರೆ. ಆಮೇಲೆ ಕೈ, ಇಕ್ಕಳ, ಬಕೆಟ್ ತೊಳೆಯಿರಿ. ಅಡುಗೆಮನೆಯ ಸಿಂಕಿನಲ್ಲಿ ಈ ಕೆಲಸ ಬೇಡ, ಮಕ್ಕಳು ದೂರ ಇರಲಿ.

ತುಂಡನ್ನು ಟ್ಯಾಂಕಿನ ನೀರು ತುಂಬಿದ ಅಗಲ ಬಾಯಿಯ ಡಬ್ಬಿಯಲ್ಲಿ, ಮೇಲೆ ಸ್ವಲ್ಪ ಗಾಳಿ ಬಿಟ್ಟು ಮುಚ್ಚಿ. ಬಳ್ಳಾರಿಯಿಂದ ರಾಯಚೂರಿಗೆ ಒಯ್ಯುವುದಾದರೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಬೆಳಗಿನ ಜಾವದ ಬಸ್ಸಿಗೆ ಹೊರಡಿ. ಮಿಕ್ಕಿದ ತುಂಡು, ಟ್ಯಾಂಕಿನ ಹಳೇ ನೀರು ಕಾಲುವೆಗೆ, ಕೆರೆಗೆ ಬಿಡಬೇಡಿ. ಉಪ್ಪು ಹೊಲಕ್ಕೆ ಹೋಗುತ್ತದೆ.